ಕುರ್ಚಿ ಒರಗುವ ಮೊದಲು ಆಡಬೇಕಾದ ಮಾತು

ಕಳೆದ ವಾರ ನನ್ನ ಕೆಳದವಡೆಯ ಎಡಬದಿಯ ಹಲ್ಲಿಗೆ ಕ್ಯಾಪ್ ಕೂರಿಸಿದರು. ತಿಂಗಳುಗಟ್ಟಲೆ ಎಳೆದ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಹಲ್ಲುನೋವಿನ ಬಗ್ಗೆ, ಇಂಜೆಕ್ಷನ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ವೈದ್ಯರ ಮುಂದೆ ಕುಳಿತು ಏನು ಕೇಳಬೇಕು, ನಮ್ಮ ಭಯವನ್ನು ಹೇಗೆ ಹೇಳಿಕೊಳ್ಳಬೇಕು ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಕೀಳಿಸಬೇಕೆಂದು ಮೊದಲು ತೀರ್ಮಾನವಾಗಿದ್ದ ಹಲ್ಲು ಇಂದು ಬಾಯಲ್ಲಿ ಉಳಿದಿರುವುದು ಆ ಮಾತುಕತೆಯಿಂದಲೇ. ಹಾಗಾಗಿ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಮೊದಲು ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತಿತ್ತು, ಮರುಕ್ಷಣ ಸರಿಹೋಗುತ್ತಿತ್ತು. ಬರಬರುತ್ತಾ ಆ ಜುಮ್ಮು ನಿಲ್ಲದೆ ನೋವಾಗಿ ಉಳಿಯತೊಡಗಿತು. ಕೊನೆಗೆ ರಾತ್ರಿ ಮಲಗಿದ ಮೇಲೆ ತಾನಾಗಿಯೇ ಶುರುವಾಗಿ ಕಿವಿಯವರೆಗೆ ಸೆಳೆಯುತ್ತಿತ್ತು. ಎದ್ದು ಕುಳಿತರೆ ಸ್ವಲ್ಪ ಕಡಿಮೆ, ಮಲಗಿದರೆ ಮತ್ತೆ ಜಾಸ್ತಿ. ಈ ವಿವರಗಳನ್ನೆಲ್ಲ ಗಮನಿಸಿ ಇಟ್ಟುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ: ತಣ್ಣನೆಯದು ತಾಗಿದಾಗ ನೋವೇ, ಬಿಸಿ ತಾಗಿದಾಗಲೇ, ಕಚ್ಚಿದಾಗಲೇ? ಎಷ್ಟು ಹೊತ್ತು ಉಳಿಯುತ್ತದೆ? ನಿದ್ದೆಯಿಂದ ಎಬ್ಬಿಸುತ್ತದೆಯೇ? ಕೆಲವೇ ಸೆಕೆಂಡುಗಳಲ್ಲಿ ಹೋಗುವ ಜುಮ್ಮಿಗೂ ನಿಮಿಷಗಟ್ಟಲೆ ಉಳಿಯುವ ನೋವಿಗೂ ಚಿಕಿತ್ಸೆಯೇ ಬೇರೆ. ಮೊದಲನೆಯದರಲ್ಲಿ ಹಲ್ಲಿನೊಳಗಿನ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳಬಲ್ಲದು. ಎರಡನೆಯದರಲ್ಲಿ ಚೇತರಿಕೆಯ ಹಂತ ದಾಟಿರುವ ಸಂಭವವೇ ಹೆಚ್ಚು.

ನಾನು ಮೊದಲು ಹೋದ ದಂತವೈದ್ಯರು ಎಕ್ಸ್‌ರೇ ತೆಗೆದು, ಒಂದು ಕ್ಷಣ ನೋಡಿ, "ಇದನ್ನು ಕಿತ್ತುಬಿಡೋಣ, ಆಮೇಲೆ ಇಂಪ್ಲಾಂಟ್ ಹಾಕಿಸಿಕೊಳ್ಳಿ" ಎಂದರು. ಇಂಪ್ಲಾಂಟ್ ಅಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಲೋಹದ ಕೃತಕ ಬೇರು. ಹಾಗೆನ್ನುವಾಗ ನಾನು ಆಗಲೇ ಕುರ್ಚಿಯಲ್ಲಿ ಅಂಗಾತ ಮಲಗಿದ್ದೆ. ಕಣ್ಣಿಗೆ ದೀಪ, ಬಾಯಲ್ಲಿ ಹತ್ತಿ, ಕುತ್ತಿಗೆಗೆ ಕಟ್ಟಿದ ಬಟ್ಟೆ. ಆ ಸ್ಥಿತಿಯಲ್ಲಿ ಯಾರಿಗಾದರೂ ಪ್ರಶ್ನೆ ಹೊಳೆಯುವುದು ಕಷ್ಟ, ಹೊಳೆದರೂ ಕೇಳುವುದು ಇನ್ನೂ ಕಷ್ಟ. "ಯೋಚಿಸಿ ಬರುತ್ತೇನೆ" ಎಂದಷ್ಟೇ ಹೇಳಿ, ಎಕ್ಸ್‌ರೇ ಪ್ರತಿಯನ್ನು ಕೇಳಿ ಪಡೆದು ಹೊರಬಂದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಎಕ್ಸ್‌ರೇ ಪ್ರತಿಯನ್ನು ಕೇಳಲು ಹಿಂಜರಿಯಬೇಡಿ. ಬೇರೊಬ್ಬರ ಅಭಿಪ್ರಾಯ ಪಡೆಯುವಾಗ ಮತ್ತೆ ತೆಗೆಸುವ ಖರ್ಚು, ಸಮಯ ಎರಡೂ ಉಳಿಯುತ್ತವೆ.

ಅಂದು ಸಂಜೆ ಅಕ್ಕನೊಡನೆ ಮಾತಾಡಿದೆ. "ಹೆದರಿಕೆ ಇದೆ ಅಂತ ಅವರಿಗೆ ಹೇಳಿದೆಯಾ?" ಎಂದು ಕೇಳಿದಳು. ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ಪೂರ್ತಿ ಮರಗಟ್ಟುವ ಮೊದಲೇ ನನ್ನ ಹಲ್ಲೊಂದನ್ನು ಕಿತ್ತಿದ್ದರು. ಆ ನೆನಪಿನಿಂದ ಇವತ್ತಿಗೂ ಇಕ್ಕಳದ ಸದ್ದು ಕೇಳಿದರೆ ಅಂಗೈ ಬೆವರುತ್ತದೆ. "ಅದನ್ನೂ ಸೇರಿಸಿ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಹೋಗು. ಬಾಯಿ ತೆರೆಯುವ ಮೊದಲೇ ಕೊಟ್ಟುಬಿಡು" ಎಂದಳು.

ಬರೆಯಲು ಕುಳಿತಾಗಲೇ ತಿಳಿದದ್ದು ಮನಸ್ಸಿನಲ್ಲಿ ಎಷ್ಟು ತುಂಬಿಕೊಂಡಿತ್ತೆಂದು. ನನ್ನದು ಪಾಠ ಹೇಳುವ ಕೆಲಸ. ಮಾತು ತೊದಲಿದರೆ? ಬಾಯೊಳಗೆ ಏನಾದರೂ ಹಿಂದಕ್ಕೆ ತಾಗಿದರೆ ನನಗೆ ವಾಕರಿಕೆ ಬರುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಒಮ್ಮೆಗೇ ದೊಡ್ಡ ಮೊತ್ತ ಹೊಂದಿಸುವುದು ಕಷ್ಟ. ಇವುಗಳಲ್ಲಿ ಯಾವುದೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೇಳಿದರೆ ಮಾತ್ರ ವೈದ್ಯರಿಗೆ ಗೊತ್ತಾಗುತ್ತದೆ.

ಎರಡನೆಯ ವೈದ್ಯರಲ್ಲಿ ಸಮಯ ಗೊತ್ತುಮಾಡುವಾಗಲೇ, "ಮೊದಲು ಮಾತಾಡಬೇಕು, ಅಂದೇ ಚಿಕಿತ್ಸೆ ಬೇಡ" ಎಂದು ಸ್ವಾಗತದಲ್ಲಿದ್ದವರಿಗೆ ತಿಳಿಸಿದೆ. ಅದಕ್ಕಾಗಿ ಹಲವು ದಿನ ಕಾಯಬೇಕಾಯಿತು. ಅಷ್ಟು ದಿನ ನೋವಿನ ಮಾತ್ರೆಯ ಮೇಲೆ ದಿನ ದೂಡಿದೆ. ಆ್ಯಂಟಿಬಯಾಟಿಕ್ ಕೊಡಬಹುದೇ ಎಂದು ಕರೆ ಮಾಡಿ ಕೇಳಿದ್ದಕ್ಕೆ, ಊತ ಅಥವಾ ಜ್ವರ ಇಲ್ಲದೆ ಬರೀ ನರದ ಉರಿಯೂತಕ್ಕೆ ಅದರಿಂದ ಪ್ರಯೋಜನವಿಲ್ಲ ಎಂದರು. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯುವುದು ಅಥವಾ ನುಂಗುವುದು ಕಷ್ಟವಾದರೆ ಕಾಯದೆ ತಕ್ಷಣ ಬರಬೇಕೆಂದೂ ಎಚ್ಚರಿಸಿದರು. ಉಸಿರಾಟಕ್ಕೇ ತೊಂದರೆಯಾದರೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ. ನೀವೂ ಕಾಯುತ್ತಿದ್ದರೆ ಇದು ನೆನಪಿರಲಿ.

ಆ ದಿನ ವೈದ್ಯರು ನನ್ನ ಕಾಗದವನ್ನು ಕೊನೆಯವರೆಗೆ ಓದಿದರು. ಕುರ್ಚಿ ನೇರವಾಗಿಯೇ ಇತ್ತು, ಅವರು ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತಿದ್ದರು. ಮೊದಲು ಕೇಳಿದ್ದು ಮಾತ್ರೆಯ ಹೆಸರು. ಆಮ್ಲೋಡಿಪಿನ್ ಎಂದೆ. "ಅದು ಕೆಲವರಲ್ಲಿ ಒಸಡು ದಪ್ಪವಾಗುವಂತೆ ಮಾಡುತ್ತದೆ. ನಿಮ್ಮ ಒಸಡನ್ನು ಅದಕ್ಕೇ ವಿಶೇಷವಾಗಿ ನೋಡುತ್ತೇನೆ. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು" ಎಂದರು. ರಕ್ತದೊತ್ತಡದ ಮಾತ್ರೆಗೂ ಒಸಡಿಗೂ ಸಂಬಂಧವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮರಗಟ್ಟಿಸುವ ಔಷಧದಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಬೆರೆಸಿರುತ್ತಾರೆ, ಅದರಿಂದ ಕೆಲವು ನಿಮಿಷ ಎದೆ ಢವಢವ ಎನ್ನಬಹುದು, ರಕ್ತದೊತ್ತಡ ಇರುವವರಿಗೆ ಪ್ರಮಾಣ ನೋಡಿ ಕೊಡುತ್ತೇವೆ ಎಂದೂ ವಿವರಿಸಿದರು.

ಔಷಧಗಳ ಪಟ್ಟಿಯನ್ನು ಎಲ್ಲರೂ ಬರೆದುಕೊಂಡು ಹೋಗಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಗುಂಪಿನ ಔಷಧ, ಪೆನಿಸಿಲಿನ್ ಅಲರ್ಜಿ, ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ಮಧುಮೇಹ, ಗರ್ಭ, ಇವುಗಳಲ್ಲಿ ಯಾವುದಿದ್ದರೂ ಚಿಕಿತ್ಸೆಯ ಲೆಕ್ಕಾಚಾರ ಬದಲಾಗುತ್ತದೆ. ಬಿಸ್‌ಫಾಸ್ಫೊನೇಟ್ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಉಳಿಯುವ ಅಪಾಯ ಅಪರೂಪವಾದರೂ ಇದೆ. ಮಧುಮೇಹ ಇರುವವರು ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನೂ ಇಟ್ಟುಕೊಂಡಿರಿ.

ಆಮೇಲೆ ಪರೀಕ್ಷೆ. ಹತ್ತಿಯ ಉಂಡೆಯೊಂದಕ್ಕೆ ತಣ್ಣನೆಯ ದ್ರವ ಸಿಂಪಡಿಸಿ ಮೊದಲು ಚೆನ್ನಾಗಿರುವ ಹಲ್ಲಿಗೆ ತಾಗಿಸಿದರು. "ತಣ್ಣಗೆ ಅನ್ನಿಸಿದ ಕೂಡಲೇ ಕೈ ಎತ್ತಿ, ಹೋದಮೇಲೆ ಇಳಿಸಿ" ಎಂದರು. ಎತ್ತಿದ ಕೈ ತಕ್ಷಣ ಇಳಿಯಿತು. ನೋಯುವ ಹಲ್ಲಿಗೆ ತಾಗಿಸಿದಾಗ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅವರು ಹತ್ತಿಯನ್ನು ತೆಗೆದು ಬಹಳ ಹೊತ್ತಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಅವರು ಏನೂ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು.

ಎಕ್ಸ್‌ರೇಯನ್ನು ಪರದೆಯ ಮೇಲೆ ದೊಡ್ಡದಾಗಿಸಿ ತೋರಿಸಿದರು. ಅದು 36ನೇ ಹಲ್ಲು. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗವೆಂದು, ಎರಡನೆಯದು ನಡುವಿನಿಂದ ಎಷ್ಟನೇ ಹಲ್ಲೆಂದು ಹೇಳುತ್ತದೆ. ಅಮೆರಿಕದ ಪದ್ಧತಿಯಲ್ಲಿ ಇದೇ ಹಲ್ಲು 19. ನಿಮ್ಮ ಹಲ್ಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಕಾಗದಪತ್ರಗಳಲ್ಲಿ ಗೊಂದಲವಾಗುವುದಿಲ್ಲ. ಆರನೇ ವಯಸ್ಸಿನ ಸುಮಾರಿಗೆ ಹುಟ್ಟುವ ಶಾಶ್ವತ ದವಡೆ ಹಲ್ಲು ಇದೇ. ಅಂದರೆ ಎಲ್ಲಕ್ಕಿಂತ ಹೆಚ್ಚು ಕಾಲ ದುಡಿದ ಹಲ್ಲು. ಹುಳುಕಿನ ಕಪ್ಪು ನೆರಳು ನರದ ಕೋಣೆಯನ್ನು ಮುಟ್ಟಿತ್ತು, ಬೇರಿನ ತುದಿಯಲ್ಲಿ ಮಾತ್ರ ನೆರಳಿರಲಿಲ್ಲ.

ನಾನು ಎಕ್ಸ್‌ರೇಯ ವಿಕಿರಣದ ಬಗ್ಗೆಯೂ ಕೇಳಿದೆ. ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ ಎಂದಿದ್ದರು, ಕಳವಳವಾಗಿತ್ತು. ಒಂದೆರಡು ಹಲ್ಲಿನ ಚಿಕ್ಕ ಎಕ್ಸ್‌ರೇಯಿಂದ ತಗಲುವ ವಿಕಿರಣ ಸುಮಾರು 0.005 ಮಿಲಿಸೀವರ್ಟ್, ನೆಲ, ಗಾಳಿ, ಆಕಾಶದಿಂದ ಜಗತ್ತಿನಲ್ಲಿ ಒಬ್ಬರಿಗೆ ಸರಾಸರಿ ವರ್ಷಕ್ಕೆ ತಗಲುವುದು 2.4 ಮಿಲಿಸೀವರ್ಟ್, ಅಂದರೆ ಒಂದು ಚಿತ್ರಕ್ಕೆ ಹೆಚ್ಚುಕಡಿಮೆ ಒಂದು ದಿನದ ಪಾಲು ಎಂದು ಲೆಕ್ಕ ಹಾಕಿ ತೋರಿಸಿದರು. "ಹೆದರಬೇಡಿ" ಎಂಬ ಬರೀ ಸಮಾಧಾನಕ್ಕಿಂತ ಆ ಲೆಕ್ಕವೇ ನನ್ನ ಕಳವಳವನ್ನು ಕಳೆಯಿತು.

ಇನ್ನು ದಾರಿಗಳ ಮಾತು. ನಾನು ಬರೆದುಕೊಂಡಿದ್ದ ಮೊದಲ ಪ್ರಶ್ನೆ, "ಏನೂ ಮಾಡದಿದ್ದರೆ ಏನಾಗುತ್ತದೆ?" ಎಂಬುದು. ಯಾರಾದರೂ ಒಂದೇ ಪ್ರಶ್ನೆ ಕೇಳಲು ಸಾಧ್ಯವಿದ್ದರೆ ಇದನ್ನೇ ಕೇಳಿ ಎನ್ನುತ್ತೇನೆ. ನೋವು ಕೆಲವು ದಿನಗಳಲ್ಲಿ ತಾನಾಗಿ ನಿಲ್ಲಲೂಬಹುದು, ಆದರೆ ಅದು ನರ ಸತ್ತದ್ದರ ಗುರುತು, ಗುಣವಾದದ್ದರದ್ದಲ್ಲ, ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿದು ಕೀವು ಕಟ್ಟುತ್ತದೆ ಎಂದರು. ನೋವು ನಿಂತಿತೆಂದು ಚಿಕಿತ್ಸೆಯನ್ನು ಕೈಬಿಡುವವರು ಅದೆಷ್ಟೋ ಮಂದಿ.

ಕೀಳಿಸಿ ಜಾಗ ಖಾಲಿ ಬಿಟ್ಟರೆ? ಅಕ್ಕಪಕ್ಕದ ಹಲ್ಲುಗಳು ವರ್ಷಗಳಲ್ಲಿ ಆ ಕಡೆಗೆ ವಾಲಬಹುದು, ಎದುರು ದವಡೆಯ ಹಲ್ಲು ಆಸರೆಯಿಲ್ಲದೆ ಕೆಳಗಿಳಿಯಬಹುದು. ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಹಾಕಿಸಿದರೆ ಎರಡೂ ಬದಿಯ ಹಲ್ಲುಗಳನ್ನು ಅರೆಯಬೇಕು. ನನ್ನ ಆ ಎರಡೂ ಹಲ್ಲುಗಳು ಗಟ್ಟಿಯಾಗಿದ್ದವು, ಅವನ್ನು ಅರೆಯಲು ವೈದ್ಯರಿಗೇ ಮನಸ್ಸಿರಲಿಲ್ಲ. ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲಿನ ಸೆಟ್ಟು ಎಲ್ಲಕ್ಕಿಂತ ಅಗ್ಗ. ಆದರೆ ವಾಕರಿಕೆ ಇರುವವರಿಗೆ ಅದು ಒಗ್ಗುವುದು ಕಷ್ಟ.

ಇಂಪ್ಲಾಂಟ್ ಬಗ್ಗೆ ಹೆಚ್ಚು ಹೊತ್ತು ಮಾತಾಡಿದೆವು, ಏಕೆಂದರೆ ಮೊದಲಿನವರು ಹೇಳಿದ್ದು ಅದನ್ನೇ. ಟೈಟಾನಿಯಂ ಮೂಳೆಯೊಡನೆ ಬೆಸೆದುಕೊಳ್ಳುತ್ತದೆಂಬುದನ್ನು ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಅಂದಿನಿಂದ ಪಳಗಿದ ವಿದ್ಯೆ ಅದು, ಕೆಟ್ಟದ್ದೇನಲ್ಲ ಎಂದರು. ಮೂಳೆಯೊಡನೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಧೂಮಪಾನ ಮಾಡುವವರಲ್ಲಿ, ಹತೋಟಿಯಲ್ಲಿಲ್ಲದ ಮಧುಮೇಹ ಇರುವವರಲ್ಲಿ ವಿಫಲವಾಗುವ ಸಂಭವ ಹೆಚ್ಚು. "ನಾಳೆಯೂ ಇಂಪ್ಲಾಂಟ್ ಹಾಕಬಹುದು. ಆದರೆ ಕಿತ್ತ ಹಲ್ಲನ್ನು ಮತ್ತೆ ಬಾಯಿಗೆ ತರಲಾಗುವುದಿಲ್ಲ. ಉಳಿಸಬಹುದಾದದ್ದನ್ನು ಮೊದಲು ಉಳಿಸೋಣ" ಎಂದರು. ಹಲ್ಲನ್ನು ಕೀಳದೆ, ಒಳಗಿನ ಕೆಟ್ಟ ನರವನ್ನು ತೆಗೆದು ಬೇರಿನೊಳಗಿನ ನಾಳಗಳನ್ನು ಶುಚಿಮಾಡಿ ತುಂಬುವ ರೂಟ್ ಕೆನಾಲ್ ಚಿಕಿತ್ಸೆಯನ್ನು ನಾನು ಆರಿಸಿಕೊಂಡದ್ದು ಆ ಮಾತಿನ ಮೇಲೆ.

ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಲ್ಲಿನ ಮೇಲ್ಭಾಗದಲ್ಲಿ ಕೂದಲೆಳೆಯಂಥ ಒಂದು ಬಿರುಕು ಕಾಣುತ್ತಿತ್ತು. ಅದು ಎಷ್ಟು ಆಳಕ್ಕೆ ಹೋಗಿದೆಯೆಂದು ಎಕ್ಸ್‌ರೇಯಲ್ಲಿ ತಿಳಿಯುವುದಿಲ್ಲ, ತೆರೆದು ನೋಡಬೇಕು. ಬೇರಿನವರೆಗೆ ಸೀಳಿದ್ದರೆ ರೂಟ್ ಕೆನಾಲ್ ಮಾಡಿ ಪ್ರಯೋಜನವಿಲ್ಲ, ಕೀಳಿಸಲೇಬೇಕು. "ಹಾಗೇನಾದರೂ ಕಂಡರೆ ನಿಲ್ಲಿಸಿ, ಕುರ್ಚಿ ಎತ್ತಿ, ನಿಮಗೆ ತೋರಿಸಿ ಕೇಳಿಯೇ ಮುಂದುವರಿಯುತ್ತೇನೆ" ಎಂದು ಮಾತು ಕೊಟ್ಟರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದರಲ್ಲಿಯೂ ಅದನ್ನು ಬರೆಸಿದೆ. ತೆರೆದ ಮೇಲೆ ಏನು ಕಂಡರೆ ಏನು ಮಾಡುತ್ತೀರಿ, ನನ್ನನ್ನು ಕೇಳುತ್ತೀರಾ ಎಂಬುದನ್ನು ಮುಂಚೆಯೇ ಮಾತಾಡಿಕೊಳ್ಳುವುದು ಬಹಳ ಮುಖ್ಯ.

ಖರ್ಚಿನ ಮಾತು ಎತ್ತಲು ಸಂಕೋಚವಾಗುತ್ತಿತ್ತು. ಅವರೇ ಕಾಗದದಲ್ಲಿ ಓದಿದ್ದರಿಂದ ಸುಲಭವಾಯಿತು. ಬರಹದಲ್ಲಿ ಅಂದಾಜು ಪಟ್ಟಿ ಕೊಡಿ ಎಂದು ಕೇಳಿ. ರೂಟ್ ಕೆನಾಲ್‌ಗೆ ಒಂದು ಮೊತ್ತ ಹೇಳಿದರೆ ಅದರಲ್ಲಿ ಕ್ಯಾಪ್ ಸೇರಿದೆಯೇ, ಹಲ್ಲನ್ನು ಮತ್ತೆ ಕಟ್ಟಿ ನಿಲ್ಲಿಸುವ ಫಿಲ್ಲಿಂಗ್ ಸೇರಿದೆಯೇ, ನಡುವಿನ ಎಕ್ಸ್‌ರೇಗಳು ಸೇರಿವೆಯೇ, ವಿಫಲವಾದರೆ ಮರುಚಿಕಿತ್ಸೆಗೆ ಬೇರೆ ಹಣವೇ ಎಂದು ಒಂದೊಂದಾಗಿ ಕೇಳಿಕೊಳ್ಳಿ. ಕ್ಯಾಪ್‌ನ ಬೆಲೆ ಅದರ ವಸ್ತುವಿನ ಮೇಲೆ ಹೋಗುತ್ತದೆ: ಬರೀ ಲೋಹ, ಲೋಹದ ಮೇಲೆ ಪಿಂಗಾಣಿ, ಜಿರ್ಕೋನಿಯಾ. ಹಿಂದಿನ ಹಲ್ಲಿಗೆ ಅಂದಕ್ಕಿಂತ ಗಟ್ಟಿತನ ಮುಖ್ಯ ಎಂದರೂ, ಪಾಠ ಹೇಳುವಾಗ ಬಾಯಿ ತೆರೆದರೆ ಕಾಣುತ್ತದೆಂದು ನಾನು ಜಿರ್ಕೋನಿಯಾ ಕೇಳಿದೆ. ಹಣವನ್ನು ಹಂತಹಂತವಾಗಿ ಕಟ್ಟಲು ಒಪ್ಪಿದರು. ವಿಮೆ ಇರುವವರು ಚಿಕಿತ್ಸೆ ಶುರುವಾಗುವ ಮೊದಲೇ ಅಂದಾಜು ಪಟ್ಟಿಯನ್ನು ಕಳಿಸಿ ಒಪ್ಪಿಗೆ ಬೇಕೇ ಎಂದು ವಿಚಾರಿಸಿ. ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿರುವ ವಿಮೆಗಳು ಸಾಕಷ್ಟಿವೆ.

ಚಿಕಿತ್ಸೆಯ ದಿನ ಮೊದಲ ಅಡ್ಡಿ ನನ್ನ ರಕ್ತದೊತ್ತಡವೇ ಆಯಿತು. ಮಾತ್ರೆ ನುಂಗಿಯೇ ಹೋಗಿದ್ದೆ, ಆದರೂ ಹೆದರಿಕೆಗೆ ಏರಿತ್ತು. 180/110 ದಾಟಿದರೆ ತುರ್ತಲ್ಲದ ಚಿಕಿತ್ಸೆಯನ್ನು ಮುಂದೂಡುವುದು ರೂಢಿ. ನನ್ನದು ಅದರ ಅಂಚಿನಲ್ಲಿತ್ತು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ಇಳಿಯಲಿಲ್ಲ. ರಕ್ತದೊತ್ತಡಕ್ಕೆ ಮಾತ್ರೆ ಕೊಡುವ ನನ್ನ ವೈದ್ಯರನ್ನು ಕಂಡು ಚೀಟಿ ತರುವಂತೆ ಹೇಳಿ ಕಳುಹಿಸಿದರು. ಅಷ್ಟು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ ಹಾಗೆಯೇ ಹಿಂದಿರುಗುವಾಗ ಅಳು ಬಂದಿತ್ತು. ಮುಂದಿನ ಸಲ ಬೆಳಗಿನ ಮೊದಲ ಸಮಯವನ್ನೇ ಕೊಟ್ಟರು. ಹೊರಗೆ ಕಾಯುತ್ತಾ, ಒಳಗಿನ ಡ್ರಿಲ್ ಸದ್ದು ಕೇಳುತ್ತಾ ಕೂರುವುದು ತಪ್ಪಿತು, ಒತ್ತಡವೂ ಹತೋಟಿಯಲ್ಲಿತ್ತು. ಹೆದರಿಕೆ ಇರುವವರು ಬೆಳಗಿನ ಮೊದಲ ಸಮಯವನ್ನೇ ಕೇಳಿ.

ಶುರುಮಾಡುವ ಮೊದಲು ಸನ್ನೆಯನ್ನು ಗೊತ್ತುಮಾಡಿಕೊಂಡೆವು. ನೋವಾದರೆ, ಭಯವಾದರೆ, ಉಗುಳು ನುಂಗಬೇಕೆನಿಸಿದರೆ ಎಡಗೈ ಎತ್ತುವುದು, ಎತ್ತಿದ ಕೂಡಲೇ ಅವರು ನಿಲ್ಲಿಸುವುದು. ಇಂಜೆಕ್ಷನ್ ಆದ ಮೇಲೆ ತುಟಿ, ನಾಲಿಗೆಯ ಅರ್ಧ ಮರಗಟ್ಟಿದವು. ಹಲ್ಲನ್ನು ಮುಟ್ಟಿದಾಗ ಮಾತ್ರ ಮಿಂಚು ಹೊಡೆದಂತಾಯಿತು. ಕೈ ಎತ್ತಿದೆ. ಡ್ರಿಲ್ ನಿಂತಿತು. ಉರಿಯೂತವಿರುವ ಕಡೆ ಮರಗಟ್ಟಿಸುವ ಔಷಧ ಸರಿಯಾಗಿ ಹಿಡಿಯದಿರುವುದುಂಟು, ಇದು ನಿಮ್ಮ ಕಲ್ಪನೆಯಲ್ಲ ಎಂದು ಹೇಳಿ, ಹಲ್ಲಿಗೂ ಮೂಳೆಗೂ ನಡುವಿನ ಸಂದಿಗೆ ಮತ್ತೊಂದು ಇಂಜೆಕ್ಷನ್ ಕೊಟ್ಟರು. ಕಾದು, ತಣ್ಣನೆಯ ಹತ್ತಿ ತಾಗಿಸಿ ಪರೀಕ್ಷಿಸಿ, ನನಗೆ ಏನೂ ಅನ್ನಿಸುತ್ತಿಲ್ಲವೆಂದು ಖಚಿತವಾದ ಮೇಲೆಯೇ ಮುಂದುವರಿದರು. ಚಿಕ್ಕಂದಿನಲ್ಲಿ ನಾನು ಅತ್ತಾಗ ಯಾರೂ ನಿಲ್ಲಿಸಿರಲಿಲ್ಲ. ಈ ಸಲ ಒಂದು ಕೈ ಎತ್ತಿದ್ದಕ್ಕೆ ಎಲ್ಲವೂ ನಿಂತಿತು. ಆ ಒಂದು ಕ್ಷಣದಲ್ಲಿ ನನ್ನ ಭಯದ ಬಹುಪಾಲು ಇಳಿದುಹೋಯಿತು.

ಹಲ್ಲಿನ ಸುತ್ತ ರಬ್ಬರ್ ಹಾಳೆಯೊಂದನ್ನು ಕಟ್ಟುತ್ತಾರೆ. ಉಸಿರುಕಟ್ಟೀತೆಂಬ ಹೆದರಿಕೆ ನನಗಿತ್ತು, ಆದರೆ ಅದರಿಂದ ಸಹಾಯವೇ ಆಯಿತು. ನೀರು, ಔಷಧ ಯಾವುದೂ ಗಂಟಲಿಗೆ ಇಳಿಯುವುದಿಲ್ಲ, ವಾಕರಿಕೆಯೂ ಬರಲಿಲ್ಲ. ಮೂಗಿನಲ್ಲಿ ಉಸಿರಾಡಲು ಆಗಬೇಕು, ಅಷ್ಟೇ. ನೆಗಡಿಯಿದ್ದರೆ ಮೊದಲೇ ಹೇಳಿ.

ತೆರೆದ ಸ್ವಲ್ಪ ಹೊತ್ತಿಗೆ ಅವರು ಕುರ್ಚಿ ಎತ್ತಿದರು. ನನ್ನ ಎದೆ ಧಸಕ್ಕೆಂದಿತು. ಪರದೆಯ ಮೇಲೆ ಹಲ್ಲಿನ ಒಳಭಾಗದ ಚಿತ್ರವಿತ್ತು. ಬಿರುಕಿನ ಗೆರೆ ಒಂದು ಗೋಡೆಯಲ್ಲಿ ಅರ್ಧದವರೆಗೆ ಇಳಿದು ಮುಗಿದಿತ್ತು, ತಳವನ್ನು ಮುಟ್ಟಿರಲಿಲ್ಲ. "ಉಳಿಸಬಹುದು. ಆದರೆ ಕ್ಯಾಪ್ ತಡಮಾಡುವಂತಿಲ್ಲ, ಬಿರುಕು ಇನ್ನಷ್ಟು ಬೆಳೆಯಬಹುದು. ಮುಂದುವರಿಯಲೇ?" ಎಂದರು. ಮರಗಟ್ಟಿದ ಬಾಯಲ್ಲಿ ಮಾತು ಹೊರಡಲಿಲ್ಲ, ತಲೆಯಾಡಿಸಿದೆ.

ಇನ್ನೊಂದು ತೊಡಕು ಆಮೇಲೆ ಬಂತು. ಕೆಳಗಿನ ಈ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ನಾಳಗಳಿರುತ್ತವೆ, ಕೆಲವರಲ್ಲಿ ನಾಲ್ಕು. ನನ್ನಲ್ಲಿ ನಾಲ್ಕು. ಹಾಗಾಗಿ ಅಂದೇ ಮುಗಿಯದೆ, ಒಳಗೆ ಔಷಧವಿಟ್ಟು ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚಿ ಕಳುಹಿಸಿದರು. ಮುಂದಿನ ಭೇಟಿಯಲ್ಲಿ ನಾಳಗಳನ್ನು ಗಟ್ಟಾ ಪರ್ಚಾ ಎಂಬ ಮರದ ಅಂಟಿನಿಂದ ತುಂಬಿದರು. ಇದು ಯಾತನೆಯಿಲ್ಲದೆ ಕಳೆಯಿತು. ಒಂದೆರಡು ದಿನ ಕಚ್ಚಿದಾಗ ನೋಯುತ್ತದೆ, ಅದಕ್ಕೆ ಗಾಬರಿ ಬೇಡ. ದಿನೇದಿನೇ ಹೆಚ್ಚಿದರೆ ಮಾತ್ರ ಕರೆ ಮಾಡಬೇಕು.

ಮರಗಟ್ಟಿದ ತುಟಿ ಸರಿಯಾಗಲು ಮೂರರಿಂದ ಐದು ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಏನನ್ನೂ ಅಗಿಯಬೇಡಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮಾತು ತೊದಲುತ್ತದೆಂದು ಮೊದಲೇ ಕೇಳಿದ್ದರಿಂದ ನಾನು ಆ ದಿನಗಳಲ್ಲಿ ಪಾಠ ಇಟ್ಟುಕೊಂಡಿರಲಿಲ್ಲ.

ಕ್ಯಾಪ್‌ಗೆ ಅಚ್ಚು ತೆಗೆಯುವ ದಿನಕ್ಕೇ ನಾನು ಹೆಚ್ಚು ಅಂಜಿದ್ದೆ. ಕಾಗದದಲ್ಲಿ ಬರೆದಿದ್ದನ್ನು ಅವರು ಮರೆತಿರಲಿಲ್ಲ. ಕುರ್ಚಿಯನ್ನು ನೇರವಾಗಿಸಿ, ತಲೆ ಮುಂದಕ್ಕೆ ಬಾಗಿಸಿ, ಬೇಗ ಗಟ್ಟಿಯಾಗುವ ಹಿಟ್ಟನ್ನು ಸ್ವಲ್ಪವೇ ಬಳಸಿದರು. "ಮೂಗಿನಲ್ಲಿ ಉಸಿರಾಡುತ್ತಾ ಬಲಗಾಲನ್ನು ಸ್ವಲ್ಪ ಎತ್ತಿ ಹಿಡಿದುಕೊಳ್ಳಿ, ಗಮನ ಅಲ್ಲಿರಲಿ" ಎಂದರು. ಕಾಲು ನಡುಗುತ್ತಿತ್ತು, ವಾಕರಿಕೆ ಗಂಟಲವರೆಗೆ ಬಂದು ಅಲ್ಲಿಯೇ ನಿಂತಿತು. ಕ್ಯಾಮೆರಾದಿಂದಲೇ ಅಳತೆ ತೆಗೆಯುವ ಯಂತ್ರ ಕೆಲವು ಕಡೆ ಇದೆ, ಇಂಥ ತೊಂದರೆ ಇರುವವರು ಅದನ್ನು ವಿಚಾರಿಸಬಹುದು.

ಕ್ಯಾಪ್ ಬಂದ ದಿನ ಸಿಮೆಂಟ್ ಹಾಕುವ ಮೊದಲು ಬಣ್ಣದ ಕಾಗದವನ್ನು ಕಚ್ಚಿಸಿ ಎಲ್ಲಿ ಎತ್ತರವಾಗಿದೆಯೆಂದು ನೋಡಿದರು. ಆತುರಪಡದೆ ಕಚ್ಚಿ, ಅಕ್ಕಪಕ್ಕಕ್ಕೆ ಉಜ್ಜಿ, ಎದ್ದು ಕುಳಿತು ಮತ್ತೊಮ್ಮೆ ಕಚ್ಚಿ ನೋಡಿ. ಒಂದು ಮೂಲೆ ಮೊದಲು ತಾಗುತ್ತಿದೆ ಎಂದು ನನಗೆ ಅನ್ನಿಸಿತು. ಹೇಳಿದೆ. ಅರೆದರು. ಇನ್ನೂ ಸ್ವಲ್ಪ ಅನ್ನಿಸಿತು. ಮತ್ತೆ ಹೇಳಿದೆ. ಇಷ್ಟು ಸಣ್ಣದನ್ನು ಹೇಳಿ ಅವರನ್ನು ಬೇಸರಪಡಿಸುವುದೇಕೆ ಎಂದು ಸುಮ್ಮನಿರಬೇಡಿ. ಎತ್ತರವಾಗಿ ಉಳಿದ ಕ್ಯಾಪ್ ಕಚ್ಚಿದಾಗಲೆಲ್ಲ ನೋಯುತ್ತದೆ, ಎದುರಿನ ಹಲ್ಲಿಗೂ ಪೆಟ್ಟು.

ಕ್ಯಾಪ್ ಬಂತೆಂದು ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ ಎಂದುಕೊಳ್ಳಬಾರದಂತೆ. ಕ್ಯಾಪ್ ಒಸಡನ್ನು ಸೇರುವ ಅಂಚೇ ದುರ್ಬಲ ಜಾಗ, ಅಲ್ಲಿ ದಿನವೂ ದಾರ ಹಾಯಿಸಿ ಶುಚಿಮಾಡಬೇಕು. ಬೇರಿನ ತುದಿಯ ಮೂಳೆ ಹೇಗಿದೆಯೆಂದು ನೋಡಲು ಒಂದು ವರ್ಷದ ನಂತರ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ತುಂಬಿದ ಮೇಲಿನ ಕೊನೆಯ ಎಕ್ಸ್‌ರೇ, ಕ್ಯಾಪ್‌ನ ವಸ್ತು ಯಾವುದೆಂಬ ಚೀಟಿ, ಹಣ ಕಟ್ಟಿದ ರಸೀದಿ, ಮೂರನ್ನೂ ಕೇಳಿ ಪಡೆದು ಒಂದೇ ಲಕೋಟೆಯಲ್ಲಿಟ್ಟಿದ್ದೇನೆ. ಬಲಬದಿಯ ಇನ್ನೊಂದು ಹಲ್ಲಿನಲ್ಲಿಯೂ ಸಣ್ಣ ಹುಳುಕು ಕಂಡಿದೆ. ಅದಕ್ಕೆ ಈಗ ಬರೀ ಫಿಲ್ಲಿಂಗ್ ಸಾಕು ಎಂದಿದ್ದಾರೆ, ಮುಂದಿನ ತಿಂಗಳು ಬೆಳಗಿನ ಮೊದಲ ಸಮಯವನ್ನು ಗೊತ್ತುಮಾಡಿಕೊಂಡಿದ್ದೇನೆ.